ಪಾಲಯ್ಯನ ಕಳ್ಳ ಸ್ವಿಚ್ಚು

‘ದೋಷ ಕಂಡುಬಂದಿಲ್ಲ.’

ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಈ ಸಾಲು ಮೂಡಿದಾಗಲೆಲ್ಲ ವಿಶಾಲಾಕ್ಷಿಗೆ ಆ ಪರದೆಯನ್ನೇ ಕಿತ್ತು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸುತ್ತಿತ್ತು. ದೋಷ ಇಲ್ಲವಂತೆ. ದೋಷ ಇಲ್ಲದಿದ್ದರೆ ಅಂಗಳದಲ್ಲಿ ನಿಂತಿರುವ ಆ ಬಿಳಿ ಬಸ್ಸಿಗೆ ಏನು ದೊಡ್ಡ ರೋಗ? ಮೂರು ವಾರದಿಂದ ದಿನಾ ಬರುವುದು, ಅದರ ವೈರಿಂಗ್ ನಕ್ಷೆ ತೆಗೆಯುವುದು, ಬ್ಯಾಟರಿಯಿಂದ ಹಿಡಿದು ಸ್ಟಾರ್ಟರಿನ ತನಕ ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ಓದುವುದು, ಎಲ್ಲ ಸರಿಯಾಗಿದೆ ಎಂದುಕೊಳ್ಳುವುದು, ಹೋಗಿ ಸ್ಟಾರ್ಟ್ ಮಾಡಿದರೆ ಬಸ್ಸು ಕಮಕ್ ಕಿಮಕ್ ಎನ್ನದೆ ನಿಲ್ಲುವುದು. ಇದೇ ಆಗಿತ್ತು.

ಹಿಂದೆ ಹೀಗಿರಲಿಲ್ಲ. ಹಿರಿಯೂರಿನ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ವಿಶಾಲಾಕ್ಷಿ ಕೆಲಸ ಕಲಿಯುವಾಗ ನಕ್ಷೆ ಎಂದರೆ ಗ್ರೀಸು ಮೆತ್ತಿದ ದೊಡ್ಡ ಕಾಗದ. ನಕ್ಷೆಯಲ್ಲಿ ವೈರು ಎಲ್ಲಿದೆಯೋ ಗಾಡಿಯಲ್ಲೂ ಅಲ್ಲೇ. ಇಲಿ ಕಡಿದರೆ ಕಡಿದ ಜಾಗ ಹುಡುಕಿ ಟೇಪು ಸುತ್ತಿದರೆ ಮುಗಿಯಿತು. ಆಮೇಲೆ ಬೇರುತಂತಿ ಬಂತು. ರಬ್ಬರಿನ ಕೊಳವೆಯೊಳಗೆ ಕಪ್ಪು ಅಂಟಿನಂಥ ಪದಾರ್ಥ, ಅದರಲ್ಲಿ ಕೂದಲಿಗಿಂತ ಸಣ್ಣ ಎಳೆಗಳು. ಕರೆಂಟು ಹೆಚ್ಚು ಹರಿದ ಕಡೆ ಎಳೆ ದಪ್ಪಗಾಗುತ್ತದೆ, ಹರಿಯದ ಕಡೆ ಸೊರಗುತ್ತದೆ, ಕಡಿದರೆ ತಾನೇ ಬೆಳೆದು ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಗಾಡಿ ಮಾಲೀಕರು ಖುಷಿಯಾದರು. ನಕ್ಷೆ ಓದುವವರು ಮಾತ್ರ ತಲೆ ಮೇಲೆ ಕೈ ಹೊತ್ತುಕೊಂಡರು, ಯಾಕೆಂದರೆ ನಿನ್ನೆಯ ನಕ್ಷೆ ಇವತ್ತಿಗೆ ಸುಳ್ಳು. ಅದಕ್ಕೇ ಅವಳು ಈಗ ಕೆಲಸ ಮಾಡುವ ದುರಸ್ತಿ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಕೆಳಗೆ ‘ನಕ್ಷೆ’ ಎಂಬ ಗುಂಡಿ ಇಟ್ಟಿದ್ದರು. ಅದನ್ನು ಒತ್ತಿದರೆ ಗಾಡಿಯ ಎಲ್ಲ ಎಳೆಗಳಿಗೂ ಒಂದು ಸಣ್ಣ ಮಿಡಿತ ಹೋಗುತ್ತದೆ. ಮಿಡಿತ ಎಲ್ಲೆಲ್ಲಿ ಓಡಿತೋ ಅದೇ ಆ ಗಳಿಗೆಯ ನಕ್ಷೆ. ಗಾಡಿ ತನ್ನ ಜಾತಕವನ್ನು ತಾನೇ ಬರೆದುಕೊಡುತ್ತದೆ, ಇವರು ಅದನ್ನು ನಂಬಿ ಕೂರಬೇಕು.

“ಇನ್ನೊಂದು ಸಲ ಒತ್ತಿ ನೋಡಿ ವಿಶಾಲಾಕ್ಷಮ್ಮ,” ಎಂದರು ಶ್ರೀಕಂಠ. ಬೇರುತಂತಿ ಕಂಪನಿಯ ಎಂಜಿನಿಯರು. ಯಾವಾಗಲೋ ಒಮ್ಮೆ ತುಮಕೂರಿನಿಂದ ಬಂದು ಹೋಗುತ್ತಿದ್ದ ಮನುಷ್ಯ, ಈ ಬಸ್ಸಿನ ದೆಸೆಯಿಂದ ಹಿರಿಯೂರಿನ ಲಾಡ್ಜಿನಲ್ಲೇ ಠಿಕಾಣಿ ಹೂಡಿದ್ದರು.

“ಎಷ್ಟಂತ ಒತ್ತಲಿ ಸಾರ್. ಗುಂಡಿ ಸವೆದೋಯ್ತು.”

ಆದರೂ ಒತ್ತಿದಳು. ದೋಷ ಕಂಡುಬಂದಿಲ್ಲ.

ಅದು ಡಯಾಲಿಸಿಸ್ ಬಸ್ಸು. ಒಳಗೆ ಮಂಚಗಳು, ಮಂಚದ ಪಕ್ಕದಲ್ಲಿ ರಕ್ತ ಶುದ್ಧ ಮಾಡುವ ಯಂತ್ರಗಳು. ಕಿಡ್ನಿ ಸೋತವರ ಮನೆ ಬಾಗಿಲಿಗೇ ಹೋಗಿ, ಅವರನ್ನು ಹತ್ತಿಸಿಕೊಂಡು, ಊರ ಮುಂದಿನ ನೆರಳಿನಲ್ಲಿ ನಿಲ್ಲಿಸಿ ಚಿಕಿತ್ಸೆ ಕೊಟ್ಟು, ಮತ್ತೆ ಮನೆಗೆ ಬಿಟ್ಟು ಬರುತ್ತಿತ್ತು. ಅದನ್ನು ಮೊದಲಿನಿಂದ ಓಡಿಸಿದವನು ವಿಶಾಲಾಕ್ಷಿಯ ಗಂಡ ಪಾಲಯ್ಯ. ಒಂದು ಬೆಳಿಗ್ಗೆ ಪಾಲಯ್ಯ ಬಚ್ಚಲಲ್ಲಿ ಬಿದ್ದ. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಸೋತವು, ಮಾತು ನಿಂತುಹೋಯಿತು. ಮಾರನೆಯ ದಿನ ಅವನ ಜಾಗಕ್ಕೆ ಬಂದ ಕೆಂಚಪ್ಪ ಹೋಗಿ ಕೀ ತಿರುಗಿಸಿದರೆ ಬಸ್ಸೂ ಏಳಲಿಲ್ಲ. “ಡ್ರೈವರಿಗೂ ಬಸ್ಸಿಗೂ ಒಟ್ಟಿಗೇ ಹೊಡೀತು ನೋಡಕ್ಕ,” ಎಂದು ಕೆಂಚಪ್ಪ ತಮಾಷೆ ಮಾಡಿದ್ದ. “ಇನ್ನೊಂದ್ಸಲ ಅಂದ್ರೆ ನಿನ್ ಬಾಯಿಗೂ ಹೊಡಿತದೆ,” ಎಂದು ಅವಳು ಹೇಳಿದ ಮೇಲೆ ಸುಮ್ಮನಾದ.

ಇಂಥ ಹಠಮಾರಿ ಗಾಡಿಗೆ ಕಂಪನಿಯ ಹತ್ತಿರ ಇದ್ದದ್ದು ಒಂದೇ ಮದ್ದು. ಜೋರು ಕರೆಂಟು ಹಾಯಿಸಿ ಬೇರನ್ನೆಲ್ಲ ಸುಟ್ಟು ಹೊಸ ಬೇರು ಬಿಡುವುದು. ಆದರೆ ಈ ಬಸ್ಸಿನ ಬೇರು ಡಯಾಲಿಸಿಸ್ ಯಂತ್ರಗಳ ಒಳಕ್ಕೂ ಇಳಿದು ಬೆಳೆದಿತ್ತು. ಸುಟ್ಟರೆ ಯಂತ್ರಗಳೂ ಸುಡುತ್ತವೆ, ಹೊಸ ಯಂತ್ರ ಮಂಜೂರಾಗುವುದು ಯಾವ ಕಾಲಕ್ಕೋ ದೇವರೇ ಬಲ್ಲ. ಶುಕ್ರವಾರದೊಳಗೆ ಹೊರಡದಿದ್ದರೆ ಬಸ್ಸನ್ನು ಗುಜರಿಗೆ ಹಾಕಿ ಎಂದು ಮೇಲಿನಿಂದ ಹೇಳಿಕಳಿಸಿದ್ದರು. ಅಂದು ಮಂಗಳವಾರ.

ಫೋನು ಬಡಿದುಕೊಂಡಿತು. ಹುಣಸೆಕಟ್ಟೆಯ ರುಕ್ಸಾನಾ. ರವಿಕೆ ಹೊಲಿದು ಬದುಕುವ ಹೆಣ್ಣು, ವಿಶಾಲಾಕ್ಷಿಗಿಂತ ಚಿಕ್ಕವಳು, ಆ ಬಸ್ಸಿನ ಹಳೇ ಗಿರಾಕಿ.

“ಅಕ್ಕಾ, ಮದುಮಗ ಎದ್ದನಾ?” ಬಸ್ಸಿಗೆ ಅವಳಿಟ್ಟ ಹೆಸರು ಅದು.

“ಇನ್ನೂ ಇಲ್ಲ ಕಣೇ. ಜೀಪು ಕಳಿಸಿದ್ರಲ್ಲ, ದುರ್ಗದ ಆಸ್ಪತ್ರೆಗೆ ಹೋಗಿ ಬಂದ್ಯಾ?”

“ಹೋಗ್ಲಿಲ್ಲ. ಹೋದ ಸಲ ಆ ಜೀಪಲ್ಲಿ ಕುಲುಕಿಸ್ಕೊಂಡು ಬರೋವಾಗ ದಾರೀಲೇ ತಲೆ ತಿರುಗಿ ಬಿದ್ದೆ. ಕೆಳಗೆ ಇಳಿಯೋಕೆ ಮುಂಚೆನೇ ಹೊರಡಿಸ್ತಾನೆ ಆ ಪುಣ್ಯಾತ್ಮ. ನಂಗೆ ನಮ್ಮ ಪಾಲಣ್ಣನ ಬಸ್ಸೇ ಆಗ್ಬೇಕು.”

“ಹೋಗ್ದೆ ಇದ್ರೆ ಹೆಂಗೇ ಹುಚ್ಚಿ. ಕಾಲು ಹೆಂಗೈತೆ?”

“ಕಾಲಾ? ಚಪ್ಪಲಿಗೆ ಹಿಡಿಸ್ತಿಲ್ಲ. ಮಿಷನ್ ಪೆಡಲ್ ಮೇಲೆ ಇಟ್ರೆ ಆನೆ ಬಂದು ಕೂತಂಗೆ ಐತೆ.” ರುಕ್ಸಾನಾ ನಕ್ಕಳು. ನಗು ಅರ್ಧಕ್ಕೇ ನಿಂತು ಬರೀ ಏದುಸಿರು ಕೇಳಿಸಿತು. ನೀರು ಎದೆಗೆ ಏರುತ್ತಿದೆ ಎಂದು ತಿಳಿಯಲು ಡಾಕ್ಟರಾಗಬೇಕಿರಲಿಲ್ಲ.

“ನಾಳೆ ಜೀಪು ಬಂದ್ರೆ ಬಾಯ್ಮುಚ್ಕೊಂಡು ಹತ್ತು,” ಎಂದು ಗದರಿ ಫೋನಿಟ್ಟಳು. ಗದರಿದ್ದು ಯಾರಿಗೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಬಂದರೆ ಅಲ್ಲಿ ಇನ್ನೊಂದು. ಪಾಲಯ್ಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಹಗಲು ನೋಡಿಕೊಳ್ಳುತ್ತಿದ್ದ ನಾದಿನಿ ಅವಳು ಬಂದದ್ದೇ ಚಪ್ಪಲಿ ಮೆಟ್ಟಿಕೊಂಡು ಹೋದಳು. ವಿಶಾಲಾಕ್ಷಿ ಮುದ್ದೆ ತೊಳಸಿ, ಸಾರು ಬಿಟ್ಟು, ಗಂಡನ ಮುಂದೆ ಸ್ಟೂಲು ಎಳೆದು ಕೂತಳು. ಒಂದು ತುತ್ತು ಬಾಯಿಗಿಟ್ಟಳು. ಪಾಲಯ್ಯ ನುಂಗಿ, ಮುಖ ಕಿವುಚಿ, ಎಡಗೈಯಿಂದ ತಟ್ಟೆಯನ್ನು ಆಚೆ ನೂಕಿದ.

“ತಡಿ,” ಎಂದ.

ಆಸ್ಪತ್ರೆಯಿಂದ ಬಂದ ಮೇಲೆ ಅವನ ಬಾಯಲ್ಲಿ ಉಳಿದಿದ್ದ ಮಾತು ಇದೊಂದೇ. ನೀರು ಬೇಕೇ ಎಂದರೆ ತಡಿ. ಬಚ್ಚಲಿಗೆ ಹೋಗಬೇಕೇ ಎಂದರೆ ತಡಿ. ಮಲಗುತ್ತೀರಾ ಎಂದರೂ ತಡಿ. ಹೀಗಾಗುತ್ತದೆ, ಮಾತೆಲ್ಲ ಹೋಗಿ ಒಂದು ಪದ ಉಳಿದುಬಿಡುತ್ತದೆ, ಅವಸರ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಹೇಳುವುದು ಸುಲಭ. ದಿನವಿಡೀ ದೋಷ ಇಲ್ಲ ಎನ್ನುವ ಪರದೆ ನೋಡಿ ಬಂದವಳು ಮನೆಯಲ್ಲಿ ತಡಿ ಎನ್ನುವ ಬಾಯಿ ನೋಡಬೇಕು.

“ತಡಿ ಅಂದ್ರೆ ಏನ್ ತಡೀಲಿ? ಬೇಕೋ ಬ್ಯಾಡ್ವೋ, ತಲೆನಾದ್ರೂ ಆಡ್ಸಿ. ಸಾಕಾ? ಬಿಸಿ ಆಯ್ತಾ? ನೀರು ಕೊಡ್ಲಾ?”

ಪಾಲಯ್ಯನ ತುಟಿ ಅಲುಗಿತು. ಅವಳು ಅಷ್ಟರಲ್ಲಿ ನೀರಿನ ಲೋಟ ತಂದು ಅವನ ಬಾಯಿಗೆ ಹಿಡಿದಿದ್ದಳು. ಅವನು ಕಣ್ಣು ಮುಚ್ಚಿ ನೀರು ಕುಡಿದ.

ಬುಧವಾರ ಬೆಳಿಗ್ಗೆ ಕೆಂಚಪ್ಪ ಬಸ್ಸಿನಿಂದ ಧಡಕ್ಕನೆ ಇಳಿದು ಬಾಗಿಲು ಒದ್ದ. “ಈ ಬಸ್ಸು ನನ್ನ ಕಳ್ಳ ಅನ್ಕೊಂಡೈತೆ ಅಕ್ಕ. ಅದ್ಕೇ ಅಲ್ಲಾಡ್ತಿಲ್ಲ. ಪಾಲಣ್ಣ ಬಂದ್ರೇನೇ ಇದು ಏಳೋದು, ಬರೆದಿಟ್ಕೊ.”

ಎಂದಿನ ಹಾಗೆ ಒಂದು ಮಾತು ಬಿಸಾಡಬೇಕೆಂದು ಬಾಯಿ ತೆರೆದ ವಿಶಾಲಾಕ್ಷಿ ಹಾಗೇ ನಿಂತಳು. ಕಳ್ಳ. ಅವಳು ಗ್ಯಾರೇಜಿನಲ್ಲಿದ್ದಾಗ ಲಾರಿ ಮಾಲೀಕರು ಬಂದರೆ ಕೊನೆಗೆ ದನಿ ತಗ್ಗಿಸಿ ಕೇಳುತ್ತಿದ್ದುದು ಒಂದೇ: ಒಂದು ಕಳ್ಳ ಸ್ವಿಚ್ಚು ಹಾಕಿಕೊಡು. ಸೀಟಿನ ಕೆಳಗೋ, ಕ್ಲಚ್ಚಿನ ಹಿಂದೋ, ದೇವರ ಫೋಟೋ ಮರೆಗೋ ಒಂದು ಗುಟ್ಟಿನ ಸ್ವಿಚ್ಚು. ಅದನ್ನು ಒತ್ತದೆ ಕೀ ತಿರುಗಿಸಿದರೆ ಗಾಡಿ ಏಳುವುದಿಲ್ಲ. ಕದಿಯಲು ಬಂದವನು ಬೆವರು ಸುರಿಸಿ ಹೋಗಬೇಕು. ಅದನ್ನು ಯಾವ ನಕ್ಷೆಯಲ್ಲೂ ಬರೆಯುತ್ತಿರಲಿಲ್ಲ. ನಕ್ಷೆಯಲ್ಲಿ ಬರೆದ ಮೇಲೆ ಅದೆಂಥ ಗುಟ್ಟು?

“ಸಾರ್,” ಎಂದು ಒಳಗೆ ಓಡಿದಳು. “ಈ ಬೇರಿಗೆ ಗಾಡಿ ವೈರಿಂಗು ಹೆಂಗಿರ್ಬೇಕು ಅಂತ ಯಾರು ಕಲ್ಸಿದ್ದು?”

“ಯಾರು ಅಂದ್ರೆ? ನಾವೇ. ಈ ಕಡೆಯ ಹಳೇ ಲಾರಿ ಬಸ್ಸುಗಳ ವೈರಿಂಗ್ ರಾಶಿಗಟ್ಟಲೆ ಬಿಚ್ಚಿ ತಂದು ಅದರ ಮುಂದೆ ಇಟ್ವಿ. ಇಲ್ಲಿಯ ರಸ್ತೆ, ಇಲ್ಲಿಯ ಧೂಳು, ಇಲ್ಲಿ ಜನ ಹಾಕಿಸೋ ಹಾರನ್ನು, ಎಲ್ಲ ಅದಕ್ಕೆ ಗೊತ್ತಾಗಲಿ ಅಂತ.”

“ಆ ವೈರಿಂಗಲ್ಲಿ ಇಗ್ನಿಷನ್ ಲೈನು ಮಧ್ಯೆ ಎಲ್ಲಾದ್ರೂ ಕಟ್ಟಾಗಿರ್ತಿತ್ತಾ? ನಕ್ಷೇಲಿ ಇಲ್ದೇ ಇರೋದು?”

ಶ್ರೀಕಂಠ ಕನ್ನಡಕ ತೆಗೆದರು. “ಇರ್ತಿತ್ತು. ಹೆಚ್ಚುಕಮ್ಮಿ ಎಲ್ಲದರಲ್ಲೂ. ಯಾಕೆ ಅಂತ ನಮಗ್ಯಾರಿಗೂ ಅರ್ಥ ಆಗಲಿಲ್ಲ. ಈ ಕಡೆಯ ಪದ್ಧತಿ ಇರಬೇಕು ಅಂತ ಹಾಗೇ ಬಿಟ್ವಿ.”

ವಿಶಾಲಾಕ್ಷಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪದ್ಧತಿಯೇನೋ ಹೌದು. ಪಾಠ ಕಲಿಸಿದವರಿಗೇ ಗೊತ್ತಿಲ್ಲದ ಪಾಠವನ್ನು ಬೇರು ಅಚ್ಚುಕಟ್ಟಾಗಿ ಕಲಿತಿತ್ತು. ಗಾಡಿ ಎಂದ ಮೇಲೆ ಒಂದು ಕಡಿತ ಇರಬೇಕು, ಅದು ನಕ್ಷೆಯಲ್ಲಿ ಕಾಣಬಾರದು, ಮಾಲೀಕನ ಕೈಗೆ ಮಾತ್ರ ಅದು ಕೂಡಬೇಕು. ಇಬ್ಬರೂ ಕೂತು ಮೀಟರು ಹಚ್ಚಿ ಮಧ್ಯಾಹ್ನದವರೆಗೆ ಒದ್ದಾಡಿದ ಮೇಲೆ ಅದರ ಕಳ್ಳಾಟ ಬಯಲಾಯಿತು. ‘ನಕ್ಷೆ’ ಗುಂಡಿಯ ಮಿಡಿತ ಬಂದಾಗ ಕಡಿತದ ಎರಡು ತುದಿಗಳೂ ಬಂದು ಮುಟ್ಟಿಕೊಳ್ಳುತ್ತಿದ್ದವು, ಮಿಡಿತ ಹೋದದ್ದೇ ಬಿಟ್ಟುಕೊಳ್ಳುತ್ತಿದ್ದವು. ಪೊಲೀಸಿನವರು ಕಂಡಾಗ ಮಾತ್ರ ಹೆಲ್ಮೆಟ್ಟು ಹಾಕಿಕೊಳ್ಳುವವರ ಹಾಗೆ.

“ಹಾಗಾದ್ರೆ ನಾವು ಬೇರು ಸುಟ್ಟ ಉಳಿದ ಗಾಡಿಗಳು?” ಎಂದರು ಶ್ರೀಕಂಠ. ಮುಖ ಸಣ್ಣಗಾಗಿತ್ತು.

“ಅವೆಲ್ಲ ಕೈ ಬದಲಾದ ಗಾಡಿಗಳೇ ಅಲ್ವಾ ಸಾರ್? ಮಾರಿದ್ದೋ, ಡ್ರೈವರ್ ಬಿಟ್ಟೋಗಿದ್ದೋ?”

ಅವರು ಯೋಚಿಸಿ ಹೌದು ಎಂದರು.

ಮಾಲೀಕ ಬದಲಾದ ಮೇಲೆ ಏಳದೆ ನಿಂತು, ಇನ್ನೂ ಸುಡದೆ ಉಳಿದಿದ್ದ ಒಂದು ವ್ಯಾನು ಶಿರಾದಲ್ಲಿತ್ತು. ಓಡಿಸುವವನು ದಿನಾ ಮಾಡುತ್ತಿದ್ದ ಯಾವುದೋ ಅಭ್ಯಾಸವನ್ನೇ ಬೇರು ಸ್ವಿಚ್ಚಾಗಿ ಹಿಡಿದಿರಬೇಕು ಎಂದು ಅದರ ಹಳೇ ಮಾಲೀಕನಿಗೆ ಫೋನು ಹಚ್ಚಿದರು. ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಏನು ಮಾಡುತ್ತಿದ್ದಿರಿ ಎಂದರೆ ಆತ, “ಏನ್ ಮಾಡ್ತಾರೆ, ಕೀ ತಿರುಗಿಸ್ತಾರೆ,” ಎಂದ. ಬಿಡದೆ ಕೇಳಿದ ಮೇಲೆ, “ಹಾಂ, ಮೊದ್ಲು ವೈಪರ್ ಒಂದ್ಸಲ ಆಡಿಸ್ತಿದ್ದೆ. ನಮ್ಮನೆ ಹತ್ರ ಕೋತಿ ಕಾಟ. ಗಾಜಿನ ಮೇಲೆ ಕೂತಿರ್ತವೆ,” ಎಂದ. ಹೊಸ ಮಾಲೀಕನಿಗೆ ಹೇಳಿದರು. ಅವನು ಬಿಸಿಲಲ್ಲಿ ಒಂದು ಸಲ ವೈಪರ್ ಆಡಿಸಿ ಕೀ ತಿರುಗಿಸಿದ. ವ್ಯಾನು ಎದ್ದಿತು.

ಶ್ರೀಕಂಠ ಮೇಜು ಗುದ್ದಿದರು. ಇನ್ನೇನು, ಪಾಲಯ್ಯ ಏನು ಮಾಡುತ್ತಿದ್ದ ಎಂದು ಗೊತ್ತಾದರೆ ಮುಗಿಯಿತು.

ಅಲ್ಲಿಗೇ ಬಂದು ನಿಂತಿತು. ಆ ಬಸ್ಸಿನ ನಕ್ಷೆಯನ್ನು ಅಷ್ಟು ವರ್ಷ ಓದಿದ ವಿಶಾಲಾಕ್ಷಿ ಒಂದು ದಿನವೂ ಗಂಡನ ಪಕ್ಕ ಆ ಬಸ್ಸಿನಲ್ಲಿ ಕೂತಿರಲಿಲ್ಲ. ಅವನು ಹೊರಡುವ ಹೊತ್ತಿಗೆ ಇವಳು ಒಲೆ ಮುಂದೆ. ಹಾರನ್ ಹೊಡೆದು ಸ್ಟಾರ್ಟ್ ಮಾಡಿ ನೋಡಿದರು. ವೈಪರ್ ಆಡಿಸಿದರು, ಫ್ಯಾನು ಹಾಕಿದರು, ದೇವರ ಫೋಟೋದ ಬಲ್ಬು ಹಚ್ಚಿದರು, ಎಡಗಡೆ ಇಂಡಿಕೇಟರ್, ಬಲಗಡೆ ಇಂಡಿಕೇಟರ್, ಹಿಂದಿನ ಮೆಟ್ಟಿಲು ಇಳಿಸುವ ಗುಂಡಿ, ಏರಿಸುವ ಗುಂಡಿ. ಪ್ರತಿ ಸಲವೂ ಕೆಂಚಪ್ಪ ಕೀ ತಿರುಗಿಸಿದ ಕೂಡಲೇ ಶ್ರೀಕಂಠ ‘ನಕ್ಷೆ’ ಒತ್ತುವುದು, ನಿಯಮದ ಪ್ರಕಾರ ಪರೀಕ್ಷೆಯ ಮೊದಲ ಹೆಜ್ಜೆ ಅದೇ, ಆಮೇಲೆ ಕೆಂಚಪ್ಪ ಸ್ಟಾರ್ಟ್ ಗುಂಡಿ ಒತ್ತುವುದು, ಆಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವುದು. ಬಸ್ಸು ಜಪ್ಪಯ್ಯ ಎಂದರೂ ಅಲುಗಲಿಲ್ಲ.

ರುಕ್ಸಾನಾಳನ್ನಾದರೂ ಕೇಳೋಣವೆಂದು ವಿಶಾಲಾಕ್ಷಿ ಫೋನು ಮಾಡಿದಳು. “ನಿಮ್ಮಣ್ಣ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಏನ್ ಮಾಡ್ತಿದ್ರೇ?”

“ಏನೂ ಮಾಡ್ತಿರ್ಲಿಲ್ಲ ಅಕ್ಕ.” ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತಿದ್ದಳು. “ಸುಮ್ನೆ ಕೂತಿರ್ತಿದ್ರು.”

“ಸರಿಯಾಗಿ ಜ್ಞಾಪಿಸ್ಕೊ. ಏನಾದ್ರೂ ಒತ್ತೋದು, ತಿರುಗ್ಸೋದು?”

“ಇಲ್ಲಕ್ಕ. ಏನೂ ಇಲ್ಲ.” ಮತ್ತೊಂದು ಉಸಿರೆಳೆದುಕೊಂಡು, “ಇವತ್ತು ಜೀಪು ಹತ್ತೋಣ ಅಂತ ಹೊರಟೆ ಅಕ್ಕ. ಬಾಗಿಲ ತನಕ ಬರೋಕಾಗ್ಲಿಲ್ಲ. ಹಾರನ್ ಹೊಡ್ದು ಹೋದ,” ಎಂದಳು. ಈ ಸಲ ನಗಲಿಲ್ಲ.

ಆ ಸಂಜೆ ವಿಶಾಲಾಕ್ಷಿ ಮನೆಗೆ ಬಂದವಳೇ ಕೈಕಾಲು ಕೂಡ ತೊಳೆಯಲಿಲ್ಲ. ಬಸ್ಸಿನ ಡ್ಯಾಶ್‌ಬೋರ್ಡಿನ ಚಿತ್ರವನ್ನು ಗಂಡನ ತೊಡೆಯ ಮೇಲೆ ಹರಡಿ, ಅವನ ಎಡಗೈ ಹಿಡಿದು ಅದರ ಮೇಲಿಟ್ಟಳು.

“ತೋರ್ಸಿ. ಸ್ಟಾರ್ಟ್ ಮಾಡೋ ಮುಂಚೆ ಏನ್ ಒತ್ತುತಿದ್ರಿ? ಇದಾ? ಇದಾ?”

ಪಾಲಯ್ಯ ಚಿತ್ರ ನೋಡಿದ, ಅವಳನ್ನು ನೋಡಿದ. ಕೀಯ ಮೇಲೆ ಬೆರಳಿಟ್ಟ. ಅಲ್ಲಿಂದ ಕೈ ಎತ್ತಿಬಿಟ್ಟ.

“ಕೀ ಗೊತ್ತು. ಕೀ ಆದ್ಮೇಲೆ? ಹಾರನ್ನಾ? ಲೈಟಾ?”

“ತಡಿ.”

“ಫ್ಯಾನಾ? ಮೆಟ್ಲಾ?”

“ತಡಿ. ತಡಿ.” ಅವನ ದನಿಯೂ ಏರಿತು.

“ತಡಿ ತಡಿ ತಡಿ. ಆ ರುಕ್ಸಾನಾ ಅಲ್ಲಿ ಉಸಿರು ಬಿಡೋಕಾಗ್ದೆ ಸಾಯ್ತಾವ್ಳೆ. ಇನ್ನೆಷ್ಟು ತಡೀಲಿ? ನಿಮಗೆ ಅದೊಂದು ಹೇಳೋಕಾಗಲ್ವಾ?”

ಪಾಲಯ್ಯ ಎಡಗೈ ಬೀಸಿದ. ಚಿತ್ರ ಹಾರಿ ನೆಲಕ್ಕೆ ಬಿತ್ತು. ಕುರ್ಚಿಯ ಕೈಯನ್ನು ಬಡಿಯುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಅದೇ ಪದವನ್ನು ಮತ್ತೆ ಮತ್ತೆ ಹೇಳಿದ. ವಿಶಾಲಾಕ್ಷಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು, ಆಮೇಲೆ ಮತ್ತೆ ಕೋಪವೇ ಬಂತು. ಆಡಬಾರದ್ದನ್ನು ಆಡಿದೆ ಎಂದುಕೊಳ್ಳುತ್ತ ಚಿತ್ರವನ್ನು ಮಡಚಿ ಎತ್ತಿಟ್ಟಳು. ಅವನಿಗೆ ಹೇಳಲು ಬಾರದು ಸರಿ, ಮಾಡಲು ಬರಬಹುದು ಎಂದು ಹೊಳೆದದ್ದು ಪಾತ್ರೆ ತೊಳೆಯುವಾಗ. ಮೊದಲೇ ಹೊಳೆಯಬಾರದಿತ್ತೇ ಎಂದು ತನ್ನ ಮೇಲೂ ಸಿಟ್ಟು ಬಂತು.

ಗುರುವಾರ ಪಾಲಯ್ಯನನ್ನು ಆಟೋದಲ್ಲಿ ಕರೆತಂದರು. ಬಸ್ಸಿನ ಮುಂದಿನ ಮೆಟ್ಟಿಲು ಎತ್ತರ. ಕೆಂಚಪ್ಪ ಕಂಕುಳಿಗೆ ಕೈಹಾಕಿ ಎಳೆದ, ಶ್ರೀಕಂಠ ಕೆಳಗಿನಿಂದ ಸೊಂಟ ಹಿಡಿದು ನೂಕಿದರು. ಅವರ ಬಿಳಿ ಷರ್ಟಿಗೆಲ್ಲ ಗ್ರೀಸಾಯಿತು. “ನಿಧಾನ, ನಿಧಾನ,” ಎನ್ನುತ್ತ ವಿಶಾಲಾಕ್ಷಿಯೇ ಎಲ್ಲರಿಗಿಂತ ಅವಸರ ಮಾಡಿದಳು. ಅಂತೂ ಸೀಟಿನಲ್ಲಿ ಕೂರಿಸಿದರು. ಬಲಗೈಯನ್ನು ತೊಡೆಯ ಮೇಲಿಟ್ಟರು.

ಸೀಟಿನಲ್ಲಿ ಕೂತ ಮೇಲೆ ಪಾಲಯ್ಯನ ಮುಖ ಬೇರೆಯಾಯಿತು. ಎಡಗೈ ಚಾಚಿ ಕನ್ನಡಿಯನ್ನು ಸರಿಮಾಡಿಕೊಂಡ; ಕೆಂಚಪ್ಪ ಅದನ್ನು ತನ್ನ ಎತ್ತರಕ್ಕೆ ತಿರುಗಿಸಿದ್ದು ಅವನಿಗೆ ಹಿಡಿಸಲಿಲ್ಲ. ಆಮೇಲೆ ಕೀ ತಿರುಗಿಸಿದ. ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿಕೊಂಡವು. ಅಭ್ಯಾಸಬಲದಿಂದ ಶ್ರೀಕಂಠರ ಬೆರಳು ಅವರು ಕೈಯಲ್ಲಿ ಹಿಡಿದು ತಂದಿದ್ದ ಸಣ್ಣ ಪರದೆಯ ‘ನಕ್ಷೆ’ ಗುಂಡಿಗೆ ಹೋಯಿತು.

“ತಡಿ,” ಎಂದ ಪಾಲಯ್ಯ.

ಡ್ರೈವರು ಗಾಡಿಯಲ್ಲಿ ಆಡುವ ಮಾತಿಗೆ ಒಂದು ತೂಕವಿರುತ್ತದೆ. ಶ್ರೀಕಂಠ ಕೈ ಹಿಂದಕ್ಕೆ ತೆಗೆದುಕೊಂಡರು.

“ಸ್ಟಾರ್ಟ್ ಕೊಡಣ್ಣ,” ಎಂದ ಕೆಂಚಪ್ಪ.

“ತಡಿ.”

ಪಾಲಯ್ಯ ಎಡಗಡೆ ಕನ್ನಡಿ ನೋಡುತ್ತ ಕೂತ. ಏನನ್ನೂ ಒತ್ತಲಿಲ್ಲ, ಏನನ್ನೂ ತಿರುಗಿಸಲಿಲ್ಲ. ವಿಶಾಲಾಕ್ಷಿ ಅವನ ಬೆರಳನ್ನೇ ನೋಡಿದಳು. ಬೆರಳು ಅಲುಗಲಿಲ್ಲ. ಮರೆತುಬಿಟ್ಟರೇನೋ, ಕೈ ಸೋತಿತೇನೋ, ಕೇಳಲೇ ಎಂದುಕೊಂಡಳು. ಕೆಂಚಪ್ಪ ಕಾಲು ಕುಣಿಸತೊಡಗಿದ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಅವಳು ತಡೆಯಲಾರದೆ ಅವನ ಭುಜದ ಮೇಲಿಂದ ಬಗ್ಗಿ ಅವನು ನೋಡುತ್ತಿದ್ದ ಕನ್ನಡಿಯಲ್ಲಿ ಇಣುಕಿದಳು. ಕನ್ನಡಿಯಲ್ಲಿ ಕಾಣುತ್ತಿದ್ದುದು ಬಸ್ಸಿನ ಹಿಂಬಾಗಿಲು, ರೋಗಿಗಳು ಹತ್ತುವ ಮೆಟ್ಟಿಲು. ಅಲ್ಲಿ ಯಾರೂ ಇರಲಿಲ್ಲ. ಆದರೂ ಪಾಲಯ್ಯನ ಕಣ್ಣು ಮೆಟ್ಟಿಲ ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಒಳಕ್ಕೆ ಹೋಗುತ್ತಿತ್ತು, ಮತ್ತೆ ಕೆಳಗೆ ಬರುತ್ತಿತ್ತು.

ಸುಮ್ನೆ ಕೂತಿರ್ತಿದ್ರು, ಎಂದಿದ್ದಳು ರುಕ್ಸಾನಾ. ಊದಿದ ಕಾಲಿನವರು ಒಂದೊಂದು ಮೆಟ್ಟಿಲಿಗೆ ನಿಂತು ಉಸಿರು ತೆಗೆದುಕೊಂಡು ಹತ್ತುವ ತನಕ, ಹತ್ತಿ ಕೂತು ಸೆರಗು ಸರಿಮಾಡಿಕೊಳ್ಳುವ ತನಕ ಕೂತಿರುತ್ತಿದ್ದ ಈ ಮನುಷ್ಯ. ಅಷ್ಟು ವರ್ಷದಲ್ಲಿ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಖಾಲಿ ಬಸ್ಸಿನಲ್ಲೂ ಹಾಗೇ ಕಾಯುತ್ತಿದ್ದ. ಬೇರು ಅದನ್ನೇ ಅವನ ಗುರುತೆಂದು ಇಟ್ಟುಕೊಂಡಿತ್ತು. ಕೀ ತಿರುಗಿಸಿದ್ದೇ ಸ್ಟಾರ್ಟ್ ಒತ್ತುವವನು ಪಾಲಯ್ಯನಲ್ಲ. ಕೀ ತಿರುಗಿಸಿದ್ದೇ ಮಿಡಿತ ಕಳಿಸಿ ನಕ್ಷೆ ತೆಗೆಯುವವರಂತೂ ಅಲ್ಲವೇ ಅಲ್ಲ.

ಡ್ಯಾಶ್‌ಬೋರ್ಡಿನ ಕೆಳಗೆ ಎಲ್ಲೋ ಟಕ್ ಎಂದು ಸಣ್ಣ ಸದ್ದಾಯಿತು. ಪಾಲಯ್ಯ ಕನ್ನಡಿಯಿಂದ ಕಣ್ಣು ತೆಗೆದು ಸ್ಟಾರ್ಟ್ ಗುಂಡಿ ಒತ್ತಿದ. ಬಸ್ಸು ಒಮ್ಮೆ ನಡುಗಿ ಎದ್ದಿತು.

ಕೆಂಚಪ್ಪ ಕೇಕೆ ಹಾಕಲಿಲ್ಲ, ಶ್ರೀಕಂಠ ಮೇಜು ಗುದ್ದಲಿಲ್ಲ, ಅಲ್ಲಿ ಮೇಜೂ ಇರಲಿಲ್ಲ. “ಮೂರು ವಾರ ನಾವೇ ಅದನ್ನ ಕೆಡಿಸ್ತಾ ಕೂತಿದ್ವಿ,” ಎಂದರು ಅವರು ಮೆಲ್ಲಗೆ. ವಿಶಾಲಾಕ್ಷಿಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಂಕಟ. ಏನು ಮಾಡಬೇಕೆಂದು ಅವನು ನಿನ್ನೆಯೇ ಹೇಳಿದ್ದ. ಚಿತ್ರದಲ್ಲಿ ಕೀ ತೋರಿಸಿ, ಕೈ ಎತ್ತಿ, ಬಾಯಿ ಬಿಟ್ಟು ಹೇಳಿದ್ದ. ಇವಳು ಹಾರನ್ನಾ ಲೈಟಾ ಎಂದು ಅವನ ಮೇಲೆ ಮುಗಿಬಿದ್ದಿದ್ದಳು.

ಶುಕ್ರವಾರ ಬೆಳಿಗ್ಗೆ ಬಸ್ಸು ಹೊರಟಿತು. ಕೀ ತಿರುಗಿಸಿ ಸುಮ್ಮನೆ ಕೂರುವುದು ಕೆಂಚಪ್ಪನಿಗೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು. ಕೈ ಸುಮ್ಮನಿರದೆ ಎರಡು ಸಲ ಬೇಗ ಒತ್ತಿ ಕೆಡಿಸಿದ. “ಕೈ ಕಟ್ಕೊಂಡು ಕನ್ನಡಿ ನೋಡೋ,” ಎಂದು ವಿಶಾಲಾಕ್ಷಿ ಬೈದ ಮೇಲೆ ಮೂರನೆಯ ಸಲ ಎದ್ದಿತು.

“ಇದೊಂದು ಕಾಟ ಬೇಡ,” ಎಂದರು ಶ್ರೀಕಂಠ ಬಸ್ಸು ಗೇಟು ದಾಟುವುದನ್ನು ನೋಡುತ್ತ. “ಎಲ್ಲಿದೆ ಅಂತ ಗೊತ್ತಾಯ್ತಲ್ಲ, ನಿಧಾನವಾಗಿ ಆ ಕಡಿತವನ್ನೇ ತೆಗೆದುಬಿಡೋಣ. ಯಾರು ಬೇಕಾದ್ರೂ ತಕ್ಷಣ ಸ್ಟಾರ್ಟ್ ಮಾಡಬಹುದು.”

“ಬ್ಯಾಡ ಸಾರ್,” ಎಂದಳು ವಿಶಾಲಾಕ್ಷಿ. “ಬ್ಯಾರೆ ಗಾಡೀವೆಲ್ಲ ತೆಗೀರಿ. ಇದು ಹಂಗೇ ಇರ್ಲಿ. ಹತ್ತೋರು ಹತ್ತಲಿ.”

ಅವರು ಹಾಗೇ ಬರೆದುಕೊಂಡರು.

ಮಧ್ಯಾಹ್ನ ರುಕ್ಸಾನಾಳ ಫೋನು ಬಂತು. ಸೂಜಿ ಚುಚ್ಚಿದ್ದಾರಂತೆ, ಯಂತ್ರ ಓಡುತ್ತಿದೆಯಂತೆ, ನರ್ಸು ಬೈದಳಂತೆ, ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದಳಂತೆ. ದನಿ ಬಾವಿಯ ತಳದಿಂದ ಬರುವ ಹಾಗಿತ್ತು. “ಹೊಸ ಡ್ರೈವರ್ ಕನ್ನಡೀಲಿ ಗುರಾಯಿಸ್ತಾನೆ ಅಕ್ಕ,” ಎಂದಳು. “ಗುರಾಯಿಸಿದ್ರೂ ಹತ್ತೋ ತನಕ ನಿಂತಿದ್ದ.” ವಿಶಾಲಾಕ್ಷಿ ಫೋನಿಟ್ಟು ಮುಖ ತೊಳೆದುಕೊಂಡು ಬಂದಳು.

ಸಂಜೆ ಮನೆಯಲ್ಲಿ ಮುದ್ದೆ, ಸಾರು. ಸ್ಟೂಲು ಎಳೆದು ಗಂಡನ ಮುಂದೆ ಕೂತಳು. ಒಂದು ತುತ್ತು ಕೊಟ್ಟಳು. ಅವನು ನುಂಗಿ, ಮುಖ ಕಿವುಚಿ, ತಟ್ಟೆಯನ್ನು ನೂಕಿದ.

“ತಡಿ.”

ಸಾಕಾ, ಬಿಸಿಯಾ, ನೀರಾ, ಎಲ್ಲವೂ ಅವಳ ನಾಲಿಗೆ ತುದಿಗೆ ಬಂದವು. ನುಂಗಿಕೊಂಡಳು. ತಟ್ಟೆಯನ್ನು ನೆಲಕ್ಕಿಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಪಾಲಯ್ಯನ ತುಟಿ ಅಲುಗಿತು, ನಿಂತಿತು. ಗಂಟಲಿನ ನರ ಉಬ್ಬಿತು. ಪಕ್ಕದ ಮನೆಯ ಕುಕ್ಕರು ಕೂಗಿತು. ಎದ್ದು ಹೋಗಿಬಿಡಬೇಕು ಅನ್ನಿಸುವಷ್ಟು ಕಷ್ಟವಾಗುತ್ತಿತ್ತು ಅವಳಿಗೆ, ಆ ಬಾಯಿ ಹಾಗೆ ಹೆಣಗುವುದನ್ನು ಸುಮ್ಮನೆ ನೋಡುತ್ತ ಕೂರುವುದು. ಸೀಟಿನಲ್ಲಿ ಕೂತ ಅವನು ಕನ್ನಡಿ ನೋಡಿದ ಹಾಗೆ ಅವನ ಮುಖವನ್ನೇ ನೋಡುತ್ತ ಕೂತಳು.

“ಉ,” ಎಂದ. ಮತ್ತೆ ಬಹಳ ಹೊತ್ತು ಏನಿಲ್ಲ.

“ಉಪ್ಪು,” ಎಂದ ಪಾಲಯ್ಯ. “ಇಲ್ಲ.”

ಆಸ್ಪತ್ರೆಯಿಂದ ಬಂದಾಗಿನಿಂದ ಅವನು ತಟ್ಟೆ ನೂಕುತ್ತಿದ್ದುದು ಇದಕ್ಕೆ.

“ಡಾಕ್ಟ್ರು ಉಪ್ಪು ಹಾಕ್ಬ್ಯಾಡ ಅಂದವ್ರೆ ಕಣ್ರೀ,” ಎಂದಳು ವಿಶಾಲಾಕ್ಷಿ. ಹೇಳುವಷ್ಟರಲ್ಲಿ ದನಿ ಒಡೆದು ಅಳು ಬಂದೇಬಿಟ್ಟಿತು.

ಪಾಲಯ್ಯ ಎಡಗೈ ಎತ್ತಿದ. “ತಡಿ,” ಎಂದ.

ಇನ್ನೂ ಏನೋ ಇತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕಾಯುತ್ತ ಕೂತಳು.